ನೊರೆ ಯಾವ ವಿಭಾಗಕ್ಕೆ ಸೇರಿದ್ದು?

ವೈಟ್‌ಫೀಲ್ಡ್ ಕಡೆಯ ಬಸ್ಸಿನಲ್ಲಿ ಕಂಡಕ್ಟರು ‘ವರ್ತೂರು ಕೋಡಿ, ಇಳೀರಿ’ ಎಂದು ಕೂಗಿದರೆ, ಇಳಿಯುವವರಲ್ಲಿ ಅರ್ಧಕ್ಕರ್ಧ ಜನ ಕೊರಳಿಗೆ ಕಂಪನಿಯ ಐಡಿ ಕಾರ್ಡ್ ತೂಗುಹಾಕಿಕೊಂಡವರು. ಕೆರೆ ತುಂಬಿ ಹೆಚ್ಚಾದ ನೀರು ಹೊರಬೀಳುವ ಜಾಗಕ್ಕೆ ಕೋಡಿ ಅನ್ನುತ್ತಾರೆಂದು ಅವರಿಗೆ ಗೊತ್ತಿರಲೇಬೇಕೆಂದೇನಿಲ್ಲ. ಅವರಿಗೆ ಅದೊಂದು ಸ್ಟಾಪು, ಅಷ್ಟೆ.

2015ರ ಆಸುಪಾಸಿನಲ್ಲಿ ಆ ಹೆಸರಿನ ಅರ್ಥ ದಾರಿಹೋಕರ ಮೈಮೇಲೇ ಬಂದು ಬೀಳತೊಡಗಿತು. ನನ್ನ ಸ್ಕೂಟರಿನ ಹ್ಯಾಂಡಲ್ ಮೇಲೂ ಒಂದು ಮುದ್ದೆ ನೊರೆ ಬಂದು ಕೂತಿತ್ತು. ದೂರಕ್ಕೆ ಹಿಂಜಿದ ಹತ್ತಿ, ಒರೆಸಿದರೆ ಜಿಡ್ಡು, ಮೂಸಿದರೆ ಮೋರಿ. ಮಣಿಕಟ್ಟು ಸಂಜೆಯವರೆಗೂ ಕೆರೆಯಿತು. ನೊರೆ ರಸ್ತೆಗೆ ಹಾರದಿರಲೆಂದು ಆಮೇಲೆ ತಂತಿ ಬಲೆ ಕಟ್ಟಿದರು, ನೀರು ಚಿಮುಕಿಸಿದರು. ಜ್ವರ ಬಂದವನಿಗೆ ಕಂಬಳಿ ಹೊದಿಸಿದ ಹಾಗೆ.

ಕೋಡಿಯ ಬಳಿ ಚಹಾ ಮಾರುವವನೊಬ್ಬ ಅಂದು ಹೇಳಿದ ಮಾತು ನನ್ನ ತಲೆಯಲ್ಲೇ ಉಳಿದಿದೆ: ‘ಬೇಸಿಗೇಲಿ ಇಷ್ಟಿರಲ್ಲ ಸಾರ್. ಜೋರು ಮಳೆ ಆದ ಮಾರನೇ ದಿನ ಬಂದು ನೋಡಿ.’ ಲೆಕ್ಕ ತಿರುಗುಮುರುಗಾಗಿದೆಯಲ್ಲ! ಮಳೆ ನೀರು ಸೇರಿದರೆ ಕೊಳಕು ತೆಳ್ಳಗಾಗಬೇಕು, ನೊರೆ ಇಳಿಯಬೇಕು. ಇಲ್ಲಿ ಏರುತ್ತಿತ್ತು.

ಈ ಪ್ರಶ್ನೆಯನ್ನು ಯಾವ ವಿಭಾಗದ ಬಾಗಿಲಿಗೆ ಒಯ್ಯುವುದು? ಸೋಪು ರಸಾಯನಶಾಸ್ತ್ರದವರದು. ಕೊಳೆಸುವ ಬ್ಯಾಕ್ಟೀರಿಯಾ ಜೀವಶಾಸ್ತ್ರದವರದು. ಒಳಚರಂಡಿ ಸಿವಿಲ್ ಎಂಜಿನಿಯರಿಂಗ್‌ನವರದು. ಗುಳ್ಳೆ ಒಡೆಯದೆ ನಿಲ್ಲುವುದೇಕೆಂದರೆ ಭೌತಶಾಸ್ತ್ರ. ಒಬ್ಬೊಬ್ಬರ ಬಳಿಯೂ ಕಾಲು ಉತ್ತರ.

ಭಾರತೀಯ ವಿಜ್ಞಾನ ಸಂಸ್ಥೆಯ ಸುಸ್ಥಿರ ತಂತ್ರಜ್ಞಾನ ಕೇಂದ್ರದ ರೇಷ್ಮಿ ದಾಸ್, ಎಚ್.ಎನ್. ಚಾಣಕ್ಯ, ಲಕ್ಷ್ಮೀನಾರಾಯಣ ರಾವ್ ಇದನ್ನು ಕೈಗೆತ್ತಿಕೊಂಡರು. ನೀರು ವರ್ತೂರಿಗೆ ಹರಿದು ಬರುವುದು ಸುಮಾರು 900 ಎಕರೆಯ ಬೆಳ್ಳಂದೂರು ಕೆರೆಯಿಂದ. ಅಲ್ಲಿ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ, ತಿಂಗಳು ತಪ್ಪದೆ, ಕೆರೆಯ ಬೇರೆ ಬೇರೆ ಕಡೆಯ ಕೊಳಚೆ ನೀರು ಮತ್ತು ನೊರೆಯನ್ನು ತುಂಬಿ ತಂದರು. ಪ್ರಯೋಗಾಲಯದಲ್ಲೊಂದು ಪುಟ್ಟ ಕೆರೆಯನ್ನೇ ಕಟ್ಟಿ, ಸೋಪಿನ ಅಂಶ ನೀರಿನಿಂದ ಹೂಳಿಗೆ, ಹೂಳಿನಿಂದ ನೊರೆಗೆ ಹೇಗೆ ದಾಟುತ್ತದೆಂದು ಹಿಂಬಾಲಿಸಿದರು.

ಕಂಡದ್ದಿಷ್ಟು. ಒಳಬಂದ ಕೊಳಚೆ ಕೆರೆ ದಾಟಲು 10ರಿಂದ 15 ದಿನ ಹಿಡಿಯುತ್ತದೆ. ಅಷ್ಟರಲ್ಲಿ ಸ್ವಲ್ಪ ಕೊಳೆ ಆಮ್ಲಜನಕವಿಲ್ಲದೆಯೇ ಕರಗಿಹೋಗುತ್ತದೆ, ಉಳಿದದ್ದು ಹೂಳಾಗಿ ತಳ ಸೇರುತ್ತದೆ. ಬಟ್ಟೆ ಒಗೆದ ಸೋಪಿನ ಅಂಶ ಮಾತ್ರ ಕರಗಿಹೋಗದೆ ಆ ಹೂಳಿಗೇ ಅಂಟಿಕೊಂಡು ಕೂರುತ್ತದೆ. ಕೂತು ಕೂತು, ಬಂದಾಗ ಇದ್ದುದಕ್ಕಿಂತ 200 ಪಟ್ಟಿನವರೆಗೂ ಗಟ್ಟಿಯಾಗುತ್ತದೆ. ಸಾರಿನ ಪಾತ್ರೆಯ ಹಾಗೆ: ಮೇಲಿನ ತಿಳಿ ಸಪ್ಪೆ, ಖಾರವೆಲ್ಲ ತಳದ ಗಷ್ಟಿನಲ್ಲಿ. ಜೋರು ಮಳೆ ಎಂದರೆ ಸೌಟು ಹಾಕಿ ಕದಡಿದಂತೆ. ಎದ್ದ ಹೂಳು ಕೋಡಿಯ ಎತ್ತರದಿಂದ ಬೀಳುವಾಗ ಗಾಳಿಯನ್ನು ಬಾಚಿಕೊಳ್ಳುತ್ತದೆ, ನೊರೆಯಾಗುತ್ತದೆ. ನೀರಿನಲ್ಲಿ ತೇಲುವ ಕಣಗಳ ಜೊತೆಗಿರುವ ಬ್ಯಾಕ್ಟೀರಿಯಾಗಳೂ ನೊರೆ ಬೇಗ ಒಡೆಯದಂತೆ ನೆರವಾಗುತ್ತಿರಬಹುದು ಎನ್ನುತ್ತಾರೆ. ಚಹಾದವನ ಮಾತು ಅಕ್ಷರಶಃ ಸರಿಯಾಗಿತ್ತು. ಅವನು ಕಂಡದ್ದು ಯಾಕೆ ಹಾಗೆ ಎಂಬುದಕ್ಕೆ ನಾಲ್ಕು ವರ್ಷ ಬೇಕಾಯಿತು.

ಈ ಉತ್ತರ ಆ ಕೇಂದ್ರದಿಂದಲೇ ಹೊರಬಿದ್ದದ್ದು ನನಗಂತೂ ಆಕಸ್ಮಿಕವೆನಿಸುವುದಿಲ್ಲ. ಅದರ ಮೊದಲ ಹೆಸರು ‘ಅಸ್ತ್ರ’. ಹೌದು, ನಮ್ಮ ಹಳ್ಳಿಮನೆಗಳಿಗೆ ಹೊಗೆ ಕಡಿಮೆ ಮಾಡಿದ ಅಸ್ತ್ರ ಒಲೆಯ ಅಸ್ತ್ರವೇ. 1974ರಲ್ಲಿ ಅದನ್ನು ಕಟ್ಟಿದ ಅಮೂಲ್ಯ ರೆಡ್ಡಿ ಎಲೆಕ್ಟ್ರೋಕೆಮಿಸ್ಟ್ರಿಯ ಪ್ರೊಫೆಸರು. ಅವರೂ ಅವರ ಜೊತೆಯವರೂ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಗೆ ಹೋಗಿ, ಹೆಂಗಸರು ಸೌದೆಗಾಗಿ ದಿನಕ್ಕೆಷ್ಟು ಹೊತ್ತು ಅಲೆಯುತ್ತಾರೆಂದು ಲೆಕ್ಕ ಹಾಕಿದರು. ಮುಂದೆ ಅದೇ ಊರಿನಲ್ಲಿ ಗೋಬರ್ ಗ್ಯಾಸಿನಿಂದ ಎಂಜಿನ್ ಓಡಿಸಿ ನೀರು, ದೀಪ ಕೊಟ್ಟರು. ಗೋಬರ್ ಗ್ಯಾಸಿನ ತೊಟ್ಟಿಯಲ್ಲಿ ಗಾಳಿಯಿಲ್ಲದೆ ಏನು ಕರಗುತ್ತದೆ, ಏನು ತಳ ಕೂರುತ್ತದೆಂದು ವರ್ಷಗಟ್ಟಲೆ ನೋಡಿದವರ ಕಣ್ಣಿಗೆ ಬೆಳ್ಳಂದೂರು ಕೂಡ ಒಂದು ದೊಡ್ಡ ತೊಟ್ಟಿಯಾಗಿ ಕಂಡಿದ್ದರೆ ಆಶ್ಚರ್ಯವೇನಿಲ್ಲ.

ನಮ್ಮ ವಿಶ್ವವಿದ್ಯಾಲಯಗಳಲ್ಲಿ ‘ಅಂತರ್‌ಶಿಸ್ತೀಯ’ ಎಂಬ ಪದ ಹೆಚ್ಚಾಗಿ ಕಾಣುವುದು ಆಮಂತ್ರಣ ಪತ್ರಿಕೆಯಲ್ಲಿ. ನಾಲ್ಕು ವಿಭಾಗದ ನಾಲ್ವರು ಇಪ್ಪತ್ತಿಪ್ಪತ್ತು ನಿಮಿಷ ಮಾತಾಡಿ, ಊಟ ಮುಗಿಸಿ, ಶಾಲು ಮಡಚಿ ಬ್ಯಾಗಿಗಿಟ್ಟುಕೊಂಡು ಹೊರಡುತ್ತಾರೆ. ನಾನೂ ಅಂಥ ಶಾಲುಗಳನ್ನು ಹೊದ್ದವನೇ. ಒಂದೇ ಕೆರೆಯ ನೀರನ್ನು ತಿಂಗಳು ತಿಂಗಳು ಬಾಟಲಿಗೆ ತುಂಬುವ ಕೆಲಸಕ್ಕೆ ಶಾಲು ಹೊದಿಸುವವರಿಲ್ಲ.

ನೊರೆಯ ಬೇರು ತೀರಾ ಸಾಮಾನ್ಯವಾದ ಸೋಪಿನ ಪುಡಿಯಲ್ಲಿದೆ ಎಂದಾದಮೇಲೆ ಕಾರ್ಖಾನೆಗಳನ್ನಷ್ಟೇ ಬೈದು ನಾವು ಕೈತೊಳೆದುಕೊಳ್ಳುವಂತಿಲ್ಲ. ಅಪಾರ್ಟ್‌ಮೆಂಟಿನ ವಾಷಿಂಗ್ ಮೆಷಿನ್ನೂ ಪಾಲುದಾರ. ಸಂಶೋಧಕರು ಹೇಳುವ ಮದ್ದು ಎರಡು: ಶುದ್ಧೀಕರಿಸದ ಕೊಳಚೆ ಕೆರೆಗೆ ಬರಬಾರದು, ಮತ್ತು ಮಳೆಗೆ ಮೊದಲೇ ಹೂಳು ಎತ್ತಬೇಕು. ಎರಡನೆಯದು ನಮ್ಮ ಅಜ್ಜಂದಿರಿಗೂ ಗೊತ್ತಿತ್ತು. ಬೇಸಿಗೆಯಲ್ಲಿ ಕೆರೆಗೆ ಗಾಡಿ ಇಳಿಸಿ ಗೋಡು ತುಂಬಿ ಹೊಲಕ್ಕೆ ಸಾಗಿಸುತ್ತಿದ್ದರು. ಈಗಿನ ಹೂಳಿನಲ್ಲಿ ಸೋಪೂ ಇರುವುದರಿಂದ ಎಲ್ಲಿ ಸುರಿಯಬೇಕೆಂದು ನೋಡಿ ಸುರಿಯಬೇಕು, ಅಷ್ಟೇ ವ್ಯತ್ಯಾಸ. ಬೆಂಗಳೂರಿಗೆ ಏಪ್ರಿಲ್, ಮೇ ತಿಂಗಳಲ್ಲೇ ಗುಡುಗಿನ ಮಳೆ ಬೀಳುತ್ತದೆ. ಹೂಳೆತ್ತುವ ಟೆಂಡರನ್ನು ಮೇ ಕೊನೆಗೆ ಕರೆದರೆ ಏನೂ ಪ್ರಯೋಜನವಿಲ್ಲ.