ಉದುರಿಹೋದ ಅರ್ಕಾವತ್ತು



ಕಳೆದ ಸಂಚಿಕೆಯಲ್ಲಿ ನಡೆದ ಒಂದು ತಪ್ಪನ್ನು ಒಪ್ಪಿಕೊಂಡೇ ಈ ಮಾತು ಆರಂಭಿಸಬೇಕಾಗಿದೆ. ಹಿರಿಯ ಲೇಖಕರೊಬ್ಬರ ಬರಹದಲ್ಲಿ ‘ಧರ್ಮ’ ಇದ್ದಲ್ಲಿ ‘ಧಮ’, ‘ವರ್ಗ’ ಇದ್ದಲ್ಲಿ ‘ವಗ’ ಎಂದು ಅಚ್ಚಾಯಿತು. ಪತ್ರಿಕೆ ಕೈಸೇರಿದ ದಿನವೇ ಅವರು ಫೋನ್ ಮಾಡಿದರು. “ತಮ್ಮಾ, ನಾ ‘ಅರ್ಥ’ ಅಂತ ಬರದಿದ್ದೆ, ನೀವು ‘ಅಥ’ ಅಂತ ಅಚ್ಚ ಹಾಕೀರಲ್ಲ?” ಅಂದರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ನೋವಿತ್ತು. ನನಗೆ ಉತ್ತರ ಹೊಳೆಯಲಿಲ್ಲ.

ಆದದ್ದು ಇಷ್ಟು. ಅವರ ಲೇಖನ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಆಗಿತ್ತು. ಮೊಮ್ಮಗಳು ಅದನ್ನು ತನ್ನ ಮ್ಯಾಕ್ ಗಣಕದಲ್ಲಿ ಭಾವಚಿತ್ರ, ಚೌಕಟ್ಟುಗಳ ಸಮೇತ ಅಂದವಾಗಿ ಜೋಡಿಸಿ ‘ಪೇಜಸ್’ ಕಡತವಾಗಿ ಕಳಿಸಿದಳು. ನಮ್ಮ ವಿಂಡೋಸ್ ಗಣಕದ ವರ್ಡ್‌ನಲ್ಲಿ ಅದು ತೆರೆಯಲೇ ಇಲ್ಲ. ಕೇಳಿಕೊಂಡ ಮೇಲೆ ಬರೀ ಅಕ್ಷರಗಳನ್ನು ಉಳಿಸಿ ಮತ್ತೆ ಕಳಿಸಿದಳು. ಆ ದಾಟುವಿಕೆಯಲ್ಲಿ ಅರ್ಕಾವತ್ತುಗಳು ಉದುರಿದವು. ಅಚ್ಚಿಗೆ ಹೋಗುವ ಅವಸರದಲ್ಲಿ ಕರಡನ್ನು ಲೇಖಕರಿಗೆ ತೋರಿಸದೆ ಬಿಟ್ಟವನು ನಾನು. ತಪ್ಪು ಆ ಹುಡುಗಿಯದಲ್ಲ, ನನ್ನದು.

ಇದರ ಮೂಲ ತಿಳಿದರೆ ಮುಂದೆ ಎಚ್ಚರವಾಗಿರಬಹುದು. ನುಡಿ, ಬರಹದಂಥ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದವು. ಒಟ್ಟು 256 ಮನೆಗಳಲ್ಲಿ ಮೊದಲ 128 ಮ್ಯಾಕ್‌ಗೂ ವಿಂಡೋಸ್‌ಗೂ ಒಂದೇ. ಅದರಾಚೆಗಿನವು ಹಳೆಯ ಮ್ಯಾಕ್‌ನಲ್ಲಿ ಒಂದು ಬಗೆ, ವಿಂಡೋಸ್‌ನಲ್ಲಿ ಇನ್ನೊಂದು ಬಗೆ. ನಮ್ಮ ಅರ್ಕಾವತ್ತು ಕೂತದ್ದು 240ನೇ ಮನೆಯಲ್ಲಿ. ಹಳೆಯ ಮ್ಯಾಕ್ ಅದೇ ಮನೆಯಲ್ಲಿ ತನ್ನ ಕಂಪನಿಯ ಸೇಬಿನ ಗುರುತನ್ನು ಇಟ್ಟಿತ್ತು! ಒಬ್ಬರ ಮನೆಯಲ್ಲಿ ಇನ್ನೊಬ್ಬರು ವಾಸವಿದ್ದರೆ ಊರು ಬದಲಾದಾಗ ವಿಳಾಸ ತಪ್ಪುವುದು ಸಹಜ.

ಯೂನಿಕೋಡ್ ಈ ಗೊಂದಲಕ್ಕೆ ಪರಿಹಾರ. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಮನೆ ಸಿಕ್ಕಿತು. ಯೂನಿಕೋಡ್‌ನಲ್ಲಿ ಬರೆದ ‘ಧರ್ಮ’ ಮ್ಯಾಕ್‌ನಲ್ಲೂ ವಿಂಡೋಸ್‌ನಲ್ಲೂ ಮೊಬೈಲಿನಲ್ಲೂ ‘ಧರ್ಮ’ವೇ.

ಆದರೆ ಅಕ್ಷರ ಉಳಿದರೂ ಪುಟದ ಅಂದ ಉಳಿಯುತ್ತದೆಂಬ ಭರವಸೆಯಿಲ್ಲ. ವಿಂಡೋಸ್‌ನಲ್ಲಿರುವ ತುಂಗಾ, ನಿರ್ಮಲಾ ಅಕ್ಷರಶೈಲಿಗಳು ಬೇರೆ. ಮ್ಯಾಕ್‌ನ ಕನ್ನಡ ಸಂಗಮ್ ಬೇರೆ. ಅಕ್ಷರದ ಅಗಲ ಬದಲಾದರೆ ಸಾಲು ಮುರಿಯುವ ಜಾಗ ಬದಲಾಗುತ್ತದೆ, ಎರಡು ಪುಟದ ಬರಹ ಮೂರನೆಯದಕ್ಕೆ ಜಾರುತ್ತದೆ, ಚಿತ್ರದ ಅಡಿಬರಹ ಚಿತ್ರವನ್ನೇ ಬಿಟ್ಟು ಓಡುತ್ತದೆ. ಆದ್ದರಿಂದ ಬರಹ ಬೇರೆ, ಅದರ ಅಲಂಕಾರ ಬೇರೆ ಎಂದು ತಿಳಿದು ಕಳಿಸುವುದೇ ಕ್ಷೇಮ.

ಲೇಖಕ ಬಂಧುಗಳಲ್ಲಿ ನನ್ನ ವಿನಂತಿ ಇದು. ಬರಹವನ್ನು ಯೂನಿಕೋಡ್‌ನಲ್ಲಿ, ಅಲಂಕಾರವಿಲ್ಲದೆ ವರ್ಡ್ ಕಡತವಾಗಿ ಕಳಿಸಿ. ಪೇಜಸ್‌ನಲ್ಲಿ ಬರೆಯುವವರು ಅಲ್ಲಿಂದಲೇ ಅದನ್ನು ವರ್ಡ್ ರೂಪಕ್ಕೆ ಬದಲಿಸಬಹುದು. ಚಿತ್ರಗಳನ್ನು ಬರಹದೊಳಗೆ ಅಂಟಿಸದೆ ಪ್ರತ್ಯೇಕವಾಗಿ ಕಳಿಸಿ. ಜೊತೆಗೊಂದು ಪಿಡಿಎಫ್ ಇರಲಿ. ನೀವು ಕಂಡ ಪುಟವನ್ನೇ ನಾವೂ ಕಂಡು ತಾಳೆ ನೋಡುತ್ತೇವೆ. ಮಠಗಳಿಂದ ಬರುವ ಸಿದ್ಧ ಆಹ್ವಾನ ಪುಟಗಳಿಗೂ ಅಕ್ಷರಶೈಲಿ ಒಳಗೊಂಡ ಪಿಡಿಎಫ್ ಸಾಕು. ಇನ್‌ಡಿಸೈನ್ ಬಳಸುವವರು ಕಡತವೊಂದನ್ನೇ ಕಳಿಸಬೇಡಿ. ‘ಪ್ಯಾಕೇಜ್’ ಮಾಡಿ ಚಿತ್ರ, ಅಕ್ಷರಶೈಲಿಗಳನ್ನೂ ಜೊತೆಗೂಡಿಸಿ. ಕೈಯಲ್ಲಿ ಬರೆದು ಅಂಚೆಗೆ ಹಾಕುವ ಹಿರಿಯರು ಹಾಗೆಯೇ ಬರೆಯಲಿ. ಟೈಪ್ ಮಾಡುವ ಕಾಯಕ ನಮ್ಮದು.

ನಮ್ಮ ಕಡೆಯಿಂದ ಎರಡು ಮಾತು ಕೊಡುತ್ತೇನೆ. ಇನ್ನು ಮುಂದೆ ಕರಡನ್ನು ಲೇಖಕರಿಗೆ ತೋರಿಸದೆ ಅಚ್ಚಿಗೆ ಕಳಿಸುವುದಿಲ್ಲ. ಪೇಜ್‌ಮೇಕರ್‌ನಲ್ಲಿ ಉಳಿದಿರುವ ನಮ್ಮ ಹಳೆಯ ಸಂಚಿಕೆಗಳನ್ನು ಒಂದೊಂದಾಗಿ ಯೂನಿಕೋಡ್‌ಗೆ ತರುತ್ತೇವೆ. 2001ರ ಏಳನೆಯ ಆವೃತ್ತಿಯೇ ಆ ತಂತ್ರಾಂಶದ ಕೊನೆಯದು. ಅದು ನಡೆಯುವ ಹಳೆಯ ಗಣಕ ಕೆಟ್ಟು ನಿಂತರೆ ನಮ್ಮ ಹಿರಿಯರು ಬರೆದಿಟ್ಟದ್ದು ಬಾಗಿಲು ಹಾಕಿದ ಮನೆಯಾಗುತ್ತದೆ. ಗಣಕ ಬಲ್ಲ ಯುವಕ ಯುವತಿಯರು ವಾರಕ್ಕೆ ಒಂದು ಗಂಟೆ ಈ ಕೆಲಸಕ್ಕೆ ಕೊಟ್ಟರೆ ಅದೇ ದೊಡ್ಡ ದಾಸೋಹ.

ಆ ಹಿರಿಯರ ಲೇಖನವನ್ನು ಈ ಸಂಚಿಕೆಯಲ್ಲಿ ತಿದ್ದಿ ಪೂರ್ತಿಯಾಗಿ ಮರುಮುದ್ರಿಸಿದ್ದೇವೆ. ಈ ಸಲ ಕರಡನ್ನು ಅವರೇ ಓದಿ ಒಪ್ಪಿದ್ದಾರೆ. ಅವರ ಕ್ಷಮೆ ಕೋರುತ್ತೇನೆ.

ಶರಣು ಶರಣಾರ್ಥಿ.

– ಸಂಪಾದಕ