ಮೂಕ ಪೆಟ್ಟಿಗೆಗೇಕೆ ಬಿರುದು?

ಹಳೆಯ ವಸ್ತುಗಳಿಗೆ ಬೆಲೆ ಬಂದಿರುವ ಕಾಲವಿದು. ಹಿತ್ತಾಳೆ ಕೊಳಗ, ಒರಳುಕಲ್ಲು, ಕೆತ್ತನೆಯ ಬಾಗಿಲುವಾಡ ಇವುಗಳ ಸರದಿ ಮುಗಿದು ಈಗ ಹಾಡುವ ಯಂತ್ರಗಳ ಸರದಿ ಬಂದಿದೆ. ರೆಕಾರ್ಡ್ ಪ್ಲೇಯರು, ಆಂಪ್ಲಿಫೈಯರು, ರೇಡಿಯೋಗ್ರಾಮು, ಟೇಪ್ ಡೆಕ್ಕು ಏನೇ ಇರಲಿ, ಮೇಲೊಂದು ‘ವಿಂಟೇಜ್’ ಎಂಬ ಚೀಟಿ ಅಂಟಿಸಿದರೆ ಸಾಕು, ನಿನ್ನೆಯ ಗುಜರಿ ಇಂದು ದಿವಾನಖಾನೆಯ ಅಲಂಕಾರವಾಗುತ್ತದೆ. ಈ ಬಿರುದನ್ನು ದಯಪಾಲಿಸುವವರು ಯಾರು, ಯಾವ ಆಧಾರದ ಮೇಲೆ ದಯಪಾಲಿಸುತ್ತಾರೆ ಎಂದು ಕೇಳುವವರಿಲ್ಲ. ಕೇಳಲೇಬೇಕಾದ ಪ್ರಸಂಗವೊಂದು ನನಗೆ ಈಚೆಗೆ ಒದಗಿತು.

ಬೆಂಗಳೂರಿನಲ್ಲಿರುವ ನನ್ನ ಮಿತ್ರರೊಬ್ಬರಿಗೆ ಹಳೆಯ ಸ್ಟೀರಿಯೋ ಸಂಗ್ರಹಿಸುವ ಹುಚ್ಚು. ಹುಚ್ಚು ಎಂದರೆ ಅವರಿಗೆ ಬೇಸರವಿಲ್ಲ. ಹವ್ಯಾಸ ಎಂದರೇ ಬೇಸರ. ದೊಡ್ಡ ಊರುಗಳಲ್ಲಿ ಸಿಕ್ಕುವುದೆಲ್ಲ ಬಾಚಿ ಆಯಿತು, ಇನ್ನು ತಾಲ್ಲೂಕುಗಳೇ ಗತಿ ಎಂದು ನಿಶ್ಚಯಿಸಿ, ನಾನು ಆ ಕಡೆಯವನೆಂಬ ಒಂದೇ ಕಾರಣಕ್ಕೆ ನನ್ನನ್ನೂ ಕಾರಿನಲ್ಲಿ ಕೂರಿಸಿಕೊಂಡು ಎರಡು ದಿನ ದಾವಣಗೆರೆ ಜಿಲ್ಲೆ ಸುತ್ತಿದರು. ಜಗಳೂರು, ಚನ್ನಗಿರಿ, ಹೊನ್ನಾಳಿ, ನ್ಯಾಮತಿ. ದಾರಿಯುದ್ದಕ್ಕೂ ನನಗೆ ವಿಂಟೇಜಿನ ಲಕ್ಷಣಗಳ ಉಪದೇಶವಾಯಿತು. ವಯಸ್ಸು 30 ದಾಟಿರಬೇಕು. ಜಪಾನಿನದೋ ಜರ್ಮನಿಯದೋ ಅಮೆರಿಕದ್ದೋ ದೊಡ್ಡ ಹೆಸರು ಅದರ ಹಣೆಯ ಮೇಲಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕಾರ್ಖಾನೆ ಬಿಟ್ಟ ಮೇಲೆ ಅದರ ಹೊಟ್ಟೆಯೊಳಗೆ ಯಾರೂ ಕೈ ಹಾಕಿರಬಾರದು.

ಈ ಮೂರನ್ನೂ ನಾನು ಒಪ್ಪಲಾರೆ. ಮೂರನೆಯದನ್ನಂತೂ ಸುತರಾಂ ಒಪ್ಪಲಾರೆ.

ವಯಸ್ಸಿನ ಮಾತು ಬೇಗ ಮುಗಿಸಬಹುದು. 30 ವರ್ಷವೇ ಲೆಕ್ಕವಾದರೆ 1990ರ ಹೊತ್ತಿನಲ್ಲಿ ಮದುವೆಯ ಉಡುಗೊರೆಯಾಗಿ ಬಂದ ಪ್ಲಾಸ್ಟಿಕ್ ಟೂ-ಇನ್-ಒನ್ನುಗಳೆಲ್ಲವೂ ಇಂದು ವಿಂಟೇಜು. ನನ್ನ ಮೊಣಕಾಲೂ ವಿಂಟೇಜು. 1972ರ ಪ್ರಾಚ್ಯವಸ್ತು ಕಾಯಿದೆ ಪುರಾತನವೆನ್ನಲು 100 ವರ್ಷ ಕೇಳುತ್ತದೆ. ಸ್ಟೀರಿಯೋ ತಟ್ಟೆಗಳು ಅಂಗಡಿಗೆ ಬಂದು ವ್ಯಾಪಕವಾಗಿ ಮಾರಾಟವಾಗತೊಡಗಿದ್ದು 1958ರಲ್ಲಿ. ಆ ಕಾಯಿದೆಯ ದೃಷ್ಟಿಯಲ್ಲಿ ಇಡೀ ಸಂತತಿಯೇ ಇನ್ನೂ ಮೈನರು. ಮೋಟಾರು ವಾಹನಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ನಿಯಮ ಮಾಡಿತು: ಮೊದಲ ನೋಂದಣಿಯಾಗಿ 50 ವರ್ಷ ಮೀರಿ ಮೂಲರೂಪ ಉಳಿಸಿಕೊಂಡಿದ್ದರೆ ವಿಂಟೇಜ್. ಆದರೆ ಅದನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ ಎಂದೂ ಸೇರಿಸಿತು. ಓಡಬಾರದ ಕಾರಿಗೆ ಆ ಹೆಸರು ಸಲ್ಲಬಹುದೇನೋ, ಹಾಡಬಾರದ ಪೆಟ್ಟಿಗೆಗೆ ಹೇಗೆ ಸಲ್ಲುತ್ತದೆ? ಇಷ್ಟಕ್ಕೂ ಆ ಮಾತು ಹುಟ್ಟಿದ್ದು ದ್ರಾಕ್ಷಿ ತೋಟದಲ್ಲಿ. ಇಂಥ ವರ್ಷದ ಸುಗ್ಗಿ, ಇಂಥ ವರ್ಷದ ರಸ ಎಂದು ಗುರುತಿಸುವ ಮಾತು ಅದು. ಮುಪ್ಪಿಗೂ ಅದಕ್ಕೂ ಮೊದಲು ಸಂಬಂಧವಿರಲಿಲ್ಲ. ಹಳೆಯ ಅಕ್ಕಿ ಅನ್ನಕ್ಕೆ ಒಳ್ಳೆಯದು, ಹಳೆಯ ಹುಣಸೆ ಔಷಧಿಗೆ ಒಳ್ಳೆಯದು ಎನ್ನುತ್ತೇವೆ. ಒಳ್ಳೆಯದೆನ್ನುವುದು ಅದು ಇನ್ನೂ ಅನ್ನವಾಗುತ್ತದೆ, ಇನ್ನೂ ಔಷಧಿಯಾಗುತ್ತದೆ ಎಂಬುದಕ್ಕೆ.

ಮೊದಲು ಹೋದದ್ದು ಜಗಳೂರಿಗೆ. ಮಳೆ ಕಡಿಮೆಯ ಸೀಮೆ. ರೈತನಿಗೆ ಅದು ಸಂಕಟವಾದರೂ ಮರದ ಪೆಟ್ಟಿಗೆಗಳಿಗೆ ವರ, ಬೂಷ್ಟು ಹಿಡಿಯುವುದಿಲ್ಲ. ಹಿಂದೆ ಶೇಂಗಾ ವ್ಯಾಪಾರವಿದ್ದ ಮನೆಯೊಂದರಲ್ಲಿ ಒಂದು ಸ್ಟೀರಿಯೋ ರೇಡಿಯೋಗ್ರಾಮು ಇತ್ತು. ಮಂಚದರ್ಧ ಉದ್ದದ ಮರದ ಪೆಟ್ಟಿಗೆ. ಮುಚ್ಚಳ ಎತ್ತಿದರೆ ಒಂದು ಕಡೆ ರೇಡಿಯೋ, ಇನ್ನೊಂದು ಕಡೆ ಪ್ಲೇಟು ತಿರುಗಿಸುವ ಯಂತ್ರ, ಎರಡು ತುದಿಗೆ ಎರಡು ಸ್ಪೀಕರು. ಜರ್ಮನಿಯ ಹೆಸರು. ಮಿತ್ರರ ಮುಖ ಅರಳಿತು. ಹಿಂಬದಿಯ ಹಲಗೆ ಬಿಚ್ಚಿ ಟಾರ್ಚು ಹಾಕಿ ನೋಡಿದವರು ಮುಖ ಗಂಟಿಕ್ಕಿದರು. ‘ರಿಪೇರಿಯಾಗಿದೆ. ಎರಡು ಇ.ಎಲ್. 84 ವಾಲ್ವುಗಳೂ ಜರ್ಮನಿಯವಲ್ಲ, ಬೆಂಗಳೂರಿನವು. ಮೇಲೆ ಯಾರೋ ಪೆನ್ಸಿಲಿನಲ್ಲಿ ತಾರೀಖು ಬೇರೆ ಗೀಚಿದ್ದಾರೆ.’

ಆ ಮನೆಯ ಸೊಸೆ ಗಾಬರಿಯಾದಳು. ‘ಕೆಟ್ಟಾಗಲೆಲ್ಲ ನಮ್ಮ ಮಾವನೋರು ದಾವಣಗೆರೆಗೆ ಒಯ್ದು ಮಾಡಿಸ್ಕೊಂಡು ಬರೋರು, ಅಣ್ಣಾ. ಅದು ತಪ್ಪಾತೇನು?’ ಎಂದಳು. ತಪ್ಪಾಗಿತ್ತು. ಆ ತಪ್ಪಿಗೆ ದಂಡವಾಗಿ ಬೆಲೆ ಅರ್ಧಕ್ಕಿಳಿಯಿತು. ನಾನು ಪಕ್ಕದಲ್ಲೇ ಇದ್ದು ಬಾಯಿ ಬಿಡಲಿಲ್ಲವೆಂಬುದನ್ನೂ ಇಲ್ಲಿ ಹೇಳಿಬಿಡುವುದು ನ್ಯಾಯ.

ಬೆಂಗಳೂರಿನ ವಾಲ್ವು ಎಂದರೇನು? 1954ರಲ್ಲಿ ಸ್ಥಾಪನೆಯಾದ ಭಾರತ್ ಎಲೆಕ್ಟ್ರಾನಿಕ್ಸ್ ತನ್ನ ಜಾಲಹಳ್ಳಿಯ ಕಾರ್ಖಾನೆಯಲ್ಲಿ 1960ರ ದಶಕದಿಂದ ರೇಡಿಯೋ ವಾಲ್ವುಗಳನ್ನು ಮಾಡಿ ದೇಶಕ್ಕೆಲ್ಲ ಒದಗಿಸಿತು. ಹೊರಗಿನ ಮಾಲು ತರಿಸುವುದು ದುಸ್ತರವಾಗಿದ್ದ ದಿನಗಳಲ್ಲಿ ಎಷ್ಟೋ ಪರದೇಶಿ ಸೆಟ್ಟುಗಳು ಉಸಿರು ಹಿಡಿದದ್ದು ಈ ವಾಲ್ವುಗಳಿಂದ. ಅವನ್ನು ಇಂದು ಹೊರದೇಶದ ಹವ್ಯಾಸಿಗಳೂ ಹುಡುಕಿ ಕೊಳ್ಳುತ್ತಾರೆ. ಬೆಂಗಳೂರಿನಲ್ಲೇ ಹುಟ್ಟಿ ಬೆಳೆದ ಮಹನೀಯರಿಗೆ ಅದೇ ಕಳಂಕವಾಗಿ ಕಂಡಿತು!

ಚನ್ನಗಿರಿಯಲ್ಲಿ ಸಿಕ್ಕಿದ್ದು ಅವರು ಹಂಬಲಿಸುವ ಜಾತಿಯ ವಸ್ತು. ಅಡಿಕೆ ತೋಟದ ನಡುವಿನ ಮನೆ. 1965ರಲ್ಲಿ ಭದ್ರಾವತಿಯಲ್ಲಿ ಆಕಾಶವಾಣಿ ಶುರುವಾದಾಗ ಊರವರೆಲ್ಲ ಬಂದು ಜಗಲಿಯಲ್ಲಿ ಕೂತು ರೇಡಿಯೋ ಕೇಳುತ್ತಿದ್ದರೆಂದು ಯಜಮಾನರು ಹೇಳಿದರು. ಆ ರೇಡಿಯೋ ಈಗಿಲ್ಲ. ಇದ್ದದ್ದು, ಮುಂದೆ ಒಂದು ವರ್ಷ ಅಡಿಕೆಗೆ ಒಳ್ಳೆಯ ಧಾರಣೆ ಬಂದಾಗ ಮುಂಬಯಿಯಿಂದ ತರಿಸಿದ ಜಪಾನಿ ಆಂಪ್ಲಿಫೈಯರು. ತರಿಸಿದ ಅಣ್ಣ ಬೇಗ ತೀರಿಕೊಂಡರಂತೆ. ಅಂದಿನಿಂದ ಅದು ಬಟ್ಟೆ ಹೊದ್ದು ಕೂತಿತ್ತು. ಸ್ಕ್ರೂಗಳ ಮೇಲಿನ ಬಣ್ಣ ಕೂಡ ಮಾಸಿರಲಿಲ್ಲ. ಮಿತ್ರರು ಕೇಳಿದಷ್ಟು ಕೊಟ್ಟರು. ವಿದ್ಯುತ್ತು ಕೊಟ್ಟಾಗ ಬಂದದ್ದು ಒಂದು ಗುಂಯ್‌ಗಾರ, ಅದೂ ಎಡಗಡೆಯ ಸ್ಪೀಕರಿನಿಂದ ಮಾತ್ರ. ಬಲಗಡೆ ಸ್ಮಶಾನ ಮೌನ.

ಹೀಗಾಗುವುದರಲ್ಲಿ ಸೋಜಿಗವಿಲ್ಲ. ಈ ಯಂತ್ರಗಳೊಳಗೆ ವಿದ್ಯುತ್ತನ್ನು ಹದಗೊಳಿಸುವ ಕೆಪ್ಯಾಸಿಟರುಗಳಿರುತ್ತವೆ; ಅವುಗಳೊಳಗಿನ ದ್ರವ ದಶಕಗಳಲ್ಲಿ ಆರಿಹೋಗುತ್ತದೆ, ಬಳಸಲಿ ಬಿಡಲಿ. ಸ್ಪೀಕರಿನ ಅಂಚಿನ ಫೋಮು ಹದಿನೈದಿಪ್ಪತ್ತು ವರ್ಷಕ್ಕೆ ಬೆರಳು ತಾಗಿದರೆ ಉದುರುವ ಹೊಟ್ಟಾಗುತ್ತದೆ. ತಟ್ಟೆ ತಿರುಗಿಸುವ ರಬ್ಬರು ಚಕ್ರ ಗಟ್ಟಿಯಾಗುತ್ತದೆ, ಗ್ರೀಸು ಅಂಟಾಗುತ್ತದೆ. ಸ್ಟೀರಿಯೋ ಎಂದ ಮೇಲೆ ಈ ಕಷ್ಟ ಇಮ್ಮಡಿ. ಆ ವಿದ್ಯೆಯ ಸ್ವಾರಸ್ಯವೇ ಜೋಡಿಯಲ್ಲಿದೆ. ಬ್ರಿಟನ್ನಿನ ಎಂಜಿನಿಯರ್ ಆಲನ್ ಬ್ಲಮ್‌ಲೀನ್ 1931ರಲ್ಲೇ ಪೇಟೆಂಟಿಗೆ ಅರ್ಜಿ ಹಾಕಿದ ಉಪಾಯದಲ್ಲಿ, ತಟ್ಟೆಯ ಒಂದೇ ಗೀರಿನ ಒಂದು ಗೋಡೆ ಎಡಗಿವಿಗೆ, ಇನ್ನೊಂದು ಗೋಡೆ ಬಲಗಿವಿಗೆ. ಒಂದು ಬದಿ ಸತ್ತಿತೆಂದರೆ ಉಳಿಯುವುದು ಅರ್ಧ ಪಲ್ಲವಿ. ಹೀಗಿರುವಾಗ ಅರ್ಧ ಶತಮಾನ ಯಾರೂ ಮುಟ್ಟದ ಸೆಟ್ಟು ಹಾಡುವುದು ಅಪರೂಪ. ಹಾಡುವ ಸೆಟ್ಟೆಂದರೆ ಯಾರಾದರೂ ಮುಟ್ಟಿರಲೇಬೇಕು. ಮುಟ್ಟದ್ದಕ್ಕೆ ಪೂರ್ತಿ ಬೆಲೆ, ಮುಟ್ಟಿ ಬದುಕಿಸಿದ್ದಕ್ಕೆ ಅರ್ಧ ಬೆಲೆ ಎಂಬುದು ಎಲ್ಲಿಯ ನ್ಯಾಯ?

ಊರ ತೇರಿಗೆ ಗಾಲಿ ಬದಲಾಯಿಸುತ್ತೇವೆ, ಮಿಣಿ ಬದಲಾಯಿಸುತ್ತೇವೆ. ಇದು ಅಜ್ಜನ ಕಾಲದ ತೇರಲ್ಲವೆಂದು ಯಾವ ಭಕ್ತನೂ ಬಾಳೆಹಣ್ಣು ಎಸೆಯದೆ ಹಿಂತಿರುಗಿದ್ದಿಲ್ಲ. ಅದೇ ಚನ್ನಗಿರಿಯ ಸೂಳೆಕೆರೆ ಶತಮಾನಗಳಿಂದ ಗದ್ದೆ ತೋಟಗಳಿಗೆ ನೀರುಣಿಸುತ್ತಿದೆ. ಏರಿಗೆ ಮಣ್ಣು ಹಾಕಿದ್ದರಿಂದ, ತೂಬು ಸರಿಪಡಿಸಿದ್ದರಿಂದ ಅದರ ಹಳಮೆಗೆ ಕುಂದು ಬಂದಿತೆ? ದುರಸ್ತಿ ಮಾಡದೆ ಬಿಟ್ಟಿದ್ದರೆ ಅದು ಇಷ್ಟು ಹೊತ್ತಿಗೆ ಹಳೆಯ ಕೆರೆಯಾಗಿರದೆ ಹಳೆಯ ಹಳ್ಳವಾಗಿರುತ್ತಿತ್ತು.

ಎಲ್ಲ ರಿಪೇರಿಯೂ ಪೂಜ್ಯವೆಂದು ನಾನು ಹೇಳುತ್ತಿಲ್ಲ. ಒಳ್ಳೆಯ ಸ್ಪೀಕರಿನ ಕಾಗದದ ಕೋನು ಹರಿದರೆ ಫೆವಿಕಾಲ್ ಮೆತ್ತಿದ ಮಹಾನುಭಾವರನ್ನು ಕಂಡಿದ್ದೇನೆ. ಡಯಲಿನ ಹಳದಿ ದೀಪ ತೆಗೆದು ಮಿಣಮಿಣ ನೀಲಿ ದೀಪ ಇಟ್ಟವರನ್ನು ಕ್ಷಮಿಸಲು ನನ್ನಿಂದಾಗದು. ವಸ್ತುಸಂಗ್ರಹಾಲಯಕ್ಕೆ ಹೋಗಬೇಕಾದ ಒಂದೆರಡು ಮಾದರಿಗಳು ಹುಟ್ಟಿದಂತೆಯೇ ಇರಲಿ, ಬೇಡವೆನ್ನುವುದಿಲ್ಲ. ಆದರೆ ಮನೆಯಲ್ಲಿ ಹಾಡಬೇಕೆಂದೇ ಮಾಡಿದ ಯಂತ್ರಕ್ಕೆ ಮಡಿ ಮೈಲಿಗೆ ಹಚ್ಚುವುದು ಬೇಡ.

ಹೊನ್ನಾಳಿಯಲ್ಲಿ ಈ ವಾದಕ್ಕೆ ಸಾಕ್ಷಿಯೇ ಸಿಕ್ಕಿತು. ಚನ್ನಗಿರಿಯ ಗುಂಯ್‌ಗಾರಕ್ಕೆ ಮದ್ದು ಕೇಳಲು, ರಿಪೇರಿ ಮಾಡುವ ಸಾಹೇಬರೊಬ್ಬರ ಅಂಗಡಿಗೆ ಹೋದೆವು. ವಯಸ್ಸಾದವರು. ಚಿಕ್ಕಂದಿನಲ್ಲಿ ದಾವಣಗೆರೆಯ ಅಂಗಡಿಯಲ್ಲಿ ಕೆಲಸ ಕಲಿತು ಆಮೇಲೆ ಸ್ವಂತ ಊರಿಗೆ ಬಂದು ಕೂತವರು. ಒಂದು ಕಾಲದಲ್ಲಿ ಗೋಡೆಯ ತುಂಬ ರೇಡಿಯೋಗಳಿದ್ದ ಅಂಗಡಿಯಲ್ಲಿ ಈಗ ಮೊಬೈಲಿನ ಗಾಜು, ಚಾರ್ಜರು, ನಾಲ್ಕು ಮಿಕ್ಸಿ. ಕಾರಿನಲ್ಲಿದ್ದ ಜಗಳೂರಿನ ರೇಡಿಯೋಗ್ರಾಮನ್ನು ಕಂಡು ಅವರು ಎದ್ದು ಬಂದು, ಹಿಂಬದಿಯ ಹಲಗೆ ಸರಿಸಿ, ಪೆನ್ಸಿಲಿನ ತಾರೀಖಿನ ಮೇಲೆ ಬೆರಳಿಟ್ಟರು. ‘ಇದು ನನ್ನದೇ ಕೈಬರಹ, ಸ್ವಾಮಿ. ವಾಲ್ವು ಹಾಕಿದ ದಿನ ಬರೀತಿದ್ದೆ, ಮುಂದಿನವನಿಗೆ ಗೊತ್ತಾಗಲಿ ಅಂತ.’

ಆ ಬರಹದಿಂದ ಬೆಲೆ ಇಳಿಯಿತೆಂದು ನಾನು ಹೇಳಿದಾಗ ಅವರು ನಕ್ಕರು. ನಗದೆ ಇನ್ನೇನು ಮಾಡಿಯಾರು? ಆಂಪ್ಲಿಫೈಯರಿಗೆ ಒಂದು ಮಧ್ಯಾಹ್ನ ಕೂತು ಕೆಪ್ಯಾಸಿಟರು ಬದಲಿಸಿ, ಕರಕರ ಎನ್ನುವ ವಾಲ್ಯೂಮ್ ತೊಳೆದು, ಬಲಗಡೆಗೆ ಜೀವ ತಂದು, ಕೇಳಿದ್ದು ಸಾಮಾನು ಖರ್ಚು ಬಿಟ್ಟು ಮುನ್ನೂರು ರೂಪಾಯಿ. ಅದನ್ನೂ ಮಿತ್ರರು ಒಲ್ಲದ ಮನಸ್ಸಿನಿಂದ ಕೊಟ್ಟರು. ಇನ್ನು ಮೇಲೆ ಅದು ಮುಟ್ಟದ ಮಾಲಲ್ಲವಲ್ಲ! ತಮ್ಮ ಬಳಿ ಈಗ ಕಲಿಯಲು ಯಾರೂ ಬರುವುದಿಲ್ಲವೆಂದು ಸಾಹೇಬರು ಹೇಳಿದರು. ಮೊಬೈಲಿನ ಕೆಲಸವೆಂದರೆ ಬಿಚ್ಚಿ ಬಿಸಾಡಿ ಹೊಸದು ಕೂರಿಸುವುದು. ಏಕೆ ಕೆಟ್ಟಿತೆಂದು ಹುಡುಕುವ ಕೆಲಸವಲ್ಲವಂತೆ. ಗ್ರಾಹಕನಿಗೆ ದುರಸ್ತಿಯ ಹಕ್ಕಿದೆಯೆಂದು ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ಒಂದು ಜಾಲತಾಣ ತೆರೆದಿದೆ. ಸಂತೋಷ. ದುರಸ್ತಿ ಮಾಡುವವನು ಉಳಿದರೆ ಆ ಹಕ್ಕನ್ನು ಚಲಾಯಿಸಬಹುದು.

ಇನ್ನು ದೊಡ್ಡ ಹೆಸರಿನ ಮಾತು. ನ್ಯಾಮತಿಯಲ್ಲಿ ನಿವೃತ್ತ ಮೇಷ್ಟರೊಬ್ಬರ ಮನೆಯಲ್ಲಿ ಒಂದು ಸ್ಟೀರಿಯೋ ಹಾಡುತ್ತಿತ್ತು. ಗಮನಿಸಬೇಕು, ‘ಇತ್ತು’ ಅಲ್ಲ, ‘ಹಾಡುತ್ತಿತ್ತು’. ತಗಡಿನ ಪೆಟ್ಟಿಗೆ, ಪ್ಲೈವುಡ್ಡಿನ ಎರಡು ಸ್ಪೀಕರ್ ಡಬ್ಬ, ಅದಕ್ಕೆ ಕಪ್ಪು ರೆಕ್ಸಿನ್. ಎಲ್ಲಿಯೂ ಹೆಸರಿಲ್ಲ. 1980ರ ದಶಕದಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಿಡಿಭಾಗ ತರಿಸಿ ಕೂರಿಸಿದ ಸೆಟ್ಟು. ನಮ್ಮ ಕಡೆ ‘ಅಸೆಂಬಲ್ ಸೆಟ್’ ಎನ್ನುತ್ತಾರೆ. ಒಳಗಿರುವುದು 4440 ಎಂಬ ಐಸಿ. ಸಾಲ್ಡರ್ ಕಡ್ಡಿ ಹಿಡಿದ ಅಂದಿನ ಹುಡುಗರಿಗೆಲ್ಲ ಈ ಸಂಖ್ಯೆ ಮಗ್ಗಿಯಂತೆ ಬಾಯಿಪಾಠ; ಒಂದೇ ಚೂರಿನಲ್ಲಿ ಎಡ ಬಲ ಎರಡೂ ಕಡೆಯ ಶಕ್ತಿ. ಅಂದು ಹೊರದೇಶದ ಸೆಟ್ಟಿಗೆ ಸುಂಕವೇ ಬೆಟ್ಟದಷ್ಟು. ಮೇಷ್ಟರ ಸಂಬಳಕ್ಕೆ ಸ್ಟೀರಿಯೋ ದಕ್ಕಿದ್ದು ಈ ಒಂದು ದಾರಿಯಲ್ಲಿ. ಚನ್ನಗಿರಿಯ ಪಾತ್ರೆ ಅಂಗಡಿಯಿಂದ ಹೊನ್ನಾಳಿಯ ಹೋಟೆಲಿನವರೆಗೆ, ಜಗಳೂರಿನ ಕ್ಯಾಸೆಟ್ ಅಂಗಡಿಯಿಂದ ಜಾತ್ರೆಯ ಮಿಠಾಯಿ ಗಾಡಿಯವರೆಗೆ ಒಂದು ತಲೆಮಾರು ಎಡಗಿವಿ ಬಲಗಿವಿಗಳ ಭೇದ ಅರಿತದ್ದು ಇಂಥ ಹೆಸರಿಲ್ಲದ ಡಬ್ಬಗಳಿಂದ. ಇಂಥ ಕಾಲದ, ಇಂಥ ಸೀಮೆಯ ಸುಗ್ಗಿ ಎಂಬುದೇ ವಿಂಟೇಜಿನ ಅರ್ಥವಾದರೆ, ಆ ಮಾತಿಗೆ ಅಪ್ಪಟವಾಗಿ ಸಲ್ಲುವ ವಸ್ತು ನಾವು ಸುತ್ತಿದ ನಾಲ್ಕು ಊರುಗಳಲ್ಲಿ ಅದೊಂದೇ ಇತ್ತು. ಸ್ಕ್ರೂಡ್ರೈವರಿಗೆ ಬಿಚ್ಚಿಕೊಳ್ಳುತ್ತದೆ. ಯಾವ ತಂತಿ ಎಲ್ಲಿಗೆ ಹೋಯಿತೆಂದು ಕಣ್ಣಿಗೆ ಕಾಣುತ್ತದೆ. ಸತ್ತ ಭಾಗದ ಜಾಗಕ್ಕೆ ಇಂದಿಗೂ ಇನ್ನೊಂದು ಕೂರುತ್ತದೆ. ಪ್ರತಿ ಸಂಜೆ ಹಾಡುತ್ತದೆ.

ಮಿತ್ರರು ಅದರ ಕಡೆ ತಿರುಗಿಯೂ ನೋಡಲಿಲ್ಲ. ಕಾಫಿ ಕುಡಿದು ಹೊರಟೆವು.

ಎರಡು ತಿಂಗಳ ಮೇಲೆ ಬೆಂಗಳೂರಿನಲ್ಲಿ ಅವರ ಮನೆಗೆ ಹೋಗಿದ್ದೆ. ಜಗಳೂರಿನ ರೇಡಿಯೋಗ್ರಾಮು ಪಾಲಿಶ್ ಕಂಡು ದಿವಾನಖಾನೆಯಲ್ಲಿ ಮಿರುಗುತ್ತಿತ್ತು. ಅದರಿಂದ ಇಂಪಾದ ವೀಣೆಯ ನಾದವೂ ಬರುತ್ತಿತ್ತು. ಸಾಹೇಬರ ವಾಲ್ವುಗಳು ಕೆಂಪಗೆ ಉರಿಯುವುದನ್ನು ನೋಡೋಣವೆಂದು ಹಿಂದೆ ಬಗ್ಗಿದೆ. ಒಳಗೆ ಏನೂ ಇಲ್ಲ! ಹೊಟ್ಟೆ ಬಗೆದ ಮರದ ಪೆಟ್ಟಿಗೆ, ಮೂಲೆಯಲ್ಲಿ ಅಂಗೈಯಗಲದ ಎರಡು ಬ್ಲೂಟೂತ್ ಸ್ಪೀಕರು. ಹಾಡುತ್ತಿದ್ದುದು ಮಿತ್ರರ ಜೇಬಿನಲ್ಲಿದ್ದ ಫೋನು. ‘ಹೇಗೂ ರಿಪೇರಿಯಾದದ್ದಲ್ಲವೆ, ಇಟ್ಟುಕೊಂಡು ಏನು ಮಾಡುವುದು? ಹೊರಗಿನ ಲುಕ್ಕು ವಿಂಟೇಜ್ ಇದ್ದರಾಯಿತು’ ಎಂದರು. ಯಾರೂ ಒಳಗೆ ಕೈ ಹಾಕಿರಬಾರದೆಂದು ಎರಡು ದಿನ ನನಗೆ ಬೋಧಿಸಿದವರು ಇವರೇ.

ತೆಗೆದ ಚಾಸಿ ಕೆಳಗೆ ಕಾರು ನಿಲ್ಲಿಸುವಲ್ಲಿ ಗುಜರಿಯವನ ದಾರಿ ಕಾಯುತ್ತಿತ್ತು. ಕೇಳಿ ಗೋಣಿಚೀಲದಲ್ಲಿ ಕಟ್ಟಿಸಿಕೊಂಡು ಬಸ್ಸಿನಲ್ಲಿ ಹೊನ್ನಾಳಿಗೆ ಒಯ್ದೆ. ಸಾಹೇಬರು ಪೆನ್ಸಿಲಿನ ಹಳೆಯ ತಾರೀಖಿನ ಕೆಳಗೆ ಹೊಸ ತಾರೀಖು ಬರೆದರು. ಎರಡು ವಾಲ್ವುಗಳೂ ಚೆನ್ನಾಗಿವೆ. ಈಗ ಅದು ಅವರ ಮೇಜಿನ ಮೇಲೆ ಬರಿಮೈಯಲ್ಲಿ ಕೂತು, ಮಿಕ್ಸಿಗಳ ನಡುವೆ, ಎರಡು ಬಿಡಿ ಸ್ಪೀಕರುಗಳಿಂದ ಹಾಡುತ್ತಿದೆ. ಅದಕ್ಕೊಂದು ಪೆಟ್ಟಿಗೆ ಬೇಕಾಗಿದೆ. ಪೆಟ್ಟಿಗೆ ಯಾರ ಮನೆಯಲ್ಲಿದೆಯೆಂದು ಮಿತ್ರರಿಗೆ ಗೊತ್ತು. ಈ ಪುಟವನ್ನು ಅವರು ಪ್ರತಿ ವಾರ ತಪ್ಪದೆ ಓದುತ್ತಾರೆ.