ಮುಳುಗಿದ ಸಾಲ ನಷ್ಟವಲ್ಲವೆ?

ಪೀಣ್ಯದ ಒಂದು ಲೇತ್ ವರ್ಕ್‌ಶಾಪಿಗೆ ನಿವೃತ್ತ ನೌಕರರೊಬ್ಬರು 10 ಲಕ್ಷ ರೂಪಾಯಿ ಸಾಲ ಕೊಟ್ಟರು ಎನ್ನಿ. ಬ್ಯಾಂಕ್ ಖಾತೆಯ ಮೂಲಕವೇ ಕೊಟ್ಟರು, ಬಂದ ಬಡ್ಡಿಗೆ ವರ್ಷವರ್ಷ ತೆರಿಗೆಯನ್ನೂ ಕಟ್ಟಿದರು. ಮೂರು ವರ್ಷಕ್ಕೆ ವರ್ಕ್‌ಶಾಪ್ ಬಾಗಿಲು ಹಾಕಿತು, ಅಸಲು ಮುಳುಗಿತು. ಅದೇ ವರ್ಷ ಹಳೆಯ ಸೈಟು ಮಾರಿ ಅವರಿಗೆ 15 ಲಕ್ಷ ಲಾಭವಾದರೆ, ಶೇ 12.5ರ ದರದಲ್ಲಿ 1,87,500 ರೂಪಾಯಿ ತೆರಿಗೆ. ಕಳೆದುಹೋದ 10 ಲಕ್ಷ ಲೆಕ್ಕಕ್ಕೇ ಬರುವುದಿಲ್ಲ. ಅದೇ ಹಣವನ್ನು ಕಂಪನಿಯ ಷೇರಿಗೆ ಹಾಕಿ, ಕೊನೆಗೆ ಮೂರು ಕಾಸಿಗೆ ಮಾರಿದ್ದರೆ? ತೆರಿಗೆ 62,500ರ ಆಸುಪಾಸಿಗೆ ಇಳಿಯುತ್ತಿತ್ತು.

ಇದು ಅನ್ಯಾಯ.

1961ರ ಆದಾಯ ತೆರಿಗೆ ಕಾಯ್ದೆಯ 36ನೇ ಕಲಂ ವಸೂಲಾಗದ ಸಾಲಕ್ಕೆ ವಿನಾಯಿತಿ ಕೊಟ್ಟದ್ದು ನಿಜ. ಬಾಕಿ ಮೊತ್ತವನ್ನು ಮೊದಲೇ ಆದಾಯವೆಂದು ತೋರಿಸಿದ ವ್ಯಾಪಾರಿಗೆ, ಇಲ್ಲವೇ ಬ್ಯಾಂಕಿಗೆ, ಲೇವಾದೇವಿಗಾರನಿಗೆ. ಅವರಿಗಾದರೆ ದಾರಿ ಸಲೀಸು: ಲೆಕ್ಕದ ಪುಸ್ತಕದಲ್ಲಿ ಸಾಲವನ್ನು ವಜಾ ಮಾಡಿದರೆ ಸಾಕು ಎಂದು 2010ರ ಟಿಆರ್‌ಎಫ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಉಳಿದವರು ಬಂಡವಾಳ ನಷ್ಟವೆಂದು ಕೇಳಹೋದರೆ, ಆಸ್ತಿಯ 'ವರ್ಗಾವಣೆ' ಎಲ್ಲಿ ಆಯಿತು ಎಂಬ ಪ್ರಶ್ನೆ ಎದುರಾಗುತ್ತದೆ. ಸತ್ತ ಸಾಲವನ್ನು ಯಾರಿಗೆ ವರ್ಗಾಯಿಸುವುದು?

ಷೇರುದಾರರ ವಿಷಯದಲ್ಲಿ ನ್ಯಾಯಾಲಯಗಳು ಉದಾರವಾಗಿವೆ. ಬೆಂಗಳೂರಿನ ಜುಪಿಟರ್ ಕ್ಯಾಪಿಟಲ್, ಏಷ್ಯಾನೆಟ್ ನ್ಯೂಸ್ ನೆಟ್‌ವರ್ಕ್‌ನಲ್ಲಿ ಹೊಂದಿದ್ದ ಷೇರುಗಳು ಬಂಡವಾಳ ಕಡಿತದಲ್ಲಿ ರದ್ದಾದಾಗ ಸುಮಾರು 164 ಕೋಟಿ ನಷ್ಟ ತೋರಿಸಿತು. ಇಲಾಖೆ ತಕರಾರು ತೆಗೆಯಿತು. ಕರ್ನಾಟಕ ಹೈಕೋರ್ಟ್ ಕಂಪನಿಯ ಪರ ನಿಂತಿತು. ಹಕ್ಕು ಕುಗ್ಗಿದರೆ ಅದೂ ವರ್ಗಾವಣೆಯೇ ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ತೀರ್ಪು ಸರಿಯಾಗಿಯೇ ಇದೆ. ಆದರೆ ಷೇರಿನ ಹಕ್ಕು ಅಳಿದರೆ ನಷ್ಟ, ಸಾಲ ವಸೂಲಿಯ ಹಕ್ಕು ನೆಲಕಚ್ಚಿದರೆ ಏನೂ ಅಲ್ಲ ಎನ್ನುವುದು ಯಾವ ತರ್ಕ?

ಸುಳ್ಳು ಸಾಲ ತೋರಿಸಿ ತೆರಿಗೆ ತಪ್ಪಿಸುತ್ತಾರೆ ಎಂಬ ಆತಂಕ ಸಹಜ. ಬ್ರಿಟನ್ ಅದಕ್ಕೆ ಉತ್ತರ ಕಂಡುಕೊಂಡು ದಶಕಗಳಾದವು. ಅಲ್ಲಿನ 1992ರ ತೆರಿಗೆ ಕಾಯ್ದೆಯ 253ನೇ ಕಲಂ ವ್ಯಾಪಾರಿಗೆ ಕೊಟ್ಟು ಮುಳುಗಿದ ಸಾಲವನ್ನು ಬಂಡವಾಳ ನಷ್ಟವೆಂದೇ ಒಪ್ಪುತ್ತದೆ, ಆದರೆ ಷರತ್ತುಗಳಿವೆ. ಸಾಲದ ಹಣ ಪೂರ್ತಿಯಾಗಿ ವ್ಯಾಪಾರಕ್ಕೇ ಬಳಕೆಯಾಗಿರಬೇಕು. ಕೊಡುವಾಗ ವಸೂಲಾಗುವಂತಿದ್ದು ಆಮೇಲೆ ಮುಳುಗಿರಬೇಕು. ಗಂಡ ಹೆಂಡತಿಯ ನಡುವಿನ ಸಾಲ ನಡೆಯದು. ಮುಂದೆಂದಾದರೂ ಹಣ ವಾಪಸು ಬಂದರೆ ಅದನ್ನು ಲಾಭವೆಂದು ಎಣಿಸುತ್ತಾರೆ. ನಮ್ಮಲ್ಲೂ 20,000 ರೂಪಾಯಿ ಮುಟ್ಟಿದ ಸಾಲವನ್ನು ನಗದಾಗಿ ಪಡೆಯುವಂತಿಲ್ಲ, ಆದ್ದರಿಂದ ಪ್ರಾಮಾಣಿಕ ಸಾಲದ ಜಾಡು ಬ್ಯಾಂಕಿನಲ್ಲಿ ಸಿಕ್ಕೇ ಸಿಗುತ್ತದೆ.

1961ರ ಕಾಯ್ದೆಯ ಜಾಗಕ್ಕೆ 2025ರಲ್ಲಿ ಹೊಸ ಕಾಯ್ದೆ ಬರೆದಾಗಲೇ ಇದನ್ನು ಸರಿಪಡಿಸಬಹುದಿತ್ತು. ಭಾಷೆ ಸರಳವಾಯಿತು, ತಾರತಮ್ಯ ಉಳಿಯಿತು. ಮುಂದಿನ ಬಜೆಟ್ಟಿನಲ್ಲಾದರೂ ಹಣಕಾಸು ಸಚಿವರು ಬ್ರಿಟನ್ನಿನಂಥದೊಂದು ಕಲಂ ಸೇರಿಸಬೇಕು. ಸೇರಿಸುವಾಗ ಜಾಮೀನುದಾರರನ್ನು ಬಿಡಬಾರದು: ಮತ್ತೊಬ್ಬರ ವ್ಯಾಪಾರಕ್ಕೆ ಸಹಿ ಹಾಕಿ, ಕೊನೆಗೆ ತಾವೇ ಬ್ಯಾಂಕಿಗೆ ಹಣ ಕಟ್ಟಿದವರಿಗೂ ಬ್ರಿಟನ್ ಈ ಪರಿಹಾರ ಕೊಡುತ್ತದೆ.